ಮಳೆಗಾಲದ ಜನರೇಟರ್: ಹಗ್ಗ ಎಳೆಯುವ ಮೊದಲು ತಿಳಿದಿರಬೇಕಾದದ್ದು

ಕಾಸರಗೋಡಿನ ಒಳಭಾಗದಲ್ಲಿ, ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆ, ಕರೆಂಟು ಹೋಗಲು ದೊಡ್ಡ ಬಿರುಗಾಳಿಯೇ ಬೇಕೆಂದಿಲ್ಲ. ಲೈನು ಹಾದು ಬರುವುದೇ ಅಡಿಕೆ ತೋಟ, ರಬ್ಬರ್ ತೋಟ, ಗುಡ್ಡೆಗಳ ನಡುವೆ. ಒಂದು ತೆಂಗಿನ ಮಡಲು ಜಾರಿ ಬಿದ್ದರೂ ಸಾಕು. ಜೂನ್, ಜುಲೈಯಲ್ಲಿ ಮರವೇ ಕಂಬದ ಮೇಲೆ ಬಿದ್ದರೆ ಕರೆಂಟು ಬರುವುದು ಮರುದಿನ, ಕೆಲವೊಮ್ಮೆ ಅದರ ಮರುದಿನ.

ಹಾಗಾಗಿ ಈ ಕಡೆ ಎಷ್ಟೋ ಮನೆಗಳಲ್ಲಿ ಒಂದು ಸಣ್ಣ ಜನರೇಟರ್ ಇದೆ. ಹೆಚ್ಚಿನವು ಕಾರ್ ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಕೂತಿರುತ್ತವೆ. ಮಳೆಗಾಲ ಮುಗಿದರೆ ಮುಂದಿನ ಮಳೆಗಾಲದವರೆಗೆ ಯಾರೂ ಮುಟ್ಟುವುದಿಲ್ಲ. ಬೇಕಾದ ದಿನ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆ, ಅದು ಸ್ಟಾರ್ಟ್ ಆಗುವುದಿಲ್ಲ. ಜನರೇಟರ್ ಹಾಳಾಗಿದೆ ಎಂದು ತೀರ್ಮಾನವಾಗುತ್ತದೆ. ಹೆಚ್ಚಿನ ಸಲ ಹಾಳಾದದ್ದು ಅದರ ಒಳಗಿರುವ ಪೆಟ್ರೋಲ್ ಮಾತ್ರ. ಮನೆ ಜನರೇಟರ್‌ಗಳಲ್ಲಿ ಓಡಿ ಕೆಡುವುದಕ್ಕಿಂತ ಸುಮ್ನೆ ಕೂತು ಕೆಡುವುದೇ ಜಾಸ್ತಿ.

ಅದನ್ನು ತಡೆಯುವುದು ಹೇಗೆ ಎಂದು ಮುಂದೆ ಹೇಳುತ್ತೇನೆ. ಆದರೆ ಸ್ಟಾರ್ಟ್ ಆಗದ ಜನರೇಟರ್‌ನಿಂದ ಯಾರೂ ಸಾಯುವುದಿಲ್ಲ. ಸ್ಟಾರ್ಟ್ ಆದದ್ದರಿಂದ ಸಾಯಬಹುದು. ಅದಕ್ಕೆ ಎರಡು ಕಾರಣ: ಹೊಗೆ, ಮತ್ತು ಲೈನಿಗೆ ಹಿಂದಕ್ಕೆ ಹೋಗುವ ಕರೆಂಟು. ಆ ಎರಡು ವಿಷಯ ಮೊದಲು ಮುಗಿಸಿಬಿಡೋಣ.

ಹೊಗೆ ಎಲ್ಲಿಗೆ ಹೋಗುತ್ತದೆ?

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ನಮಗೆ ಮೂಗಿಗೆ ಬಡಿಯುವ ಹೊಗೆಯ ವಾಸನೆ ಬೇರೆ ಪದಾರ್ಥಗಳದ್ದು. ವಾಸನೆ ಇಲ್ಲ ಅಂದ ಮಾತ್ರಕ್ಕೆ ಅನಿಲ ಇಲ್ಲ ಎಂದಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಇದು ಸ್ವಲ್ಪವೇ ಇದ್ದರೂ ಆಮ್ಲಜನಕಕ್ಕೆ ರಕ್ತದಲ್ಲಿ ಜಾಗ ಕಮ್ಮಿಯಾಗುತ್ತಾ ಹೋಗುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮಧ್ಯಾಹ್ನದ ಊಟ ಸರಿಯಾಗಲಿಲ್ಲವೇನೋ ಅನಿಸುತ್ತದೆ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಜನರೇಟರ್ ಓಡುತ್ತಿರುವಾಗ ಮನೆಯಲ್ಲಿ ಇಬ್ಬರಿಗೋ ಮೂವರಿಗೋ ಒಟ್ಟಿಗೆ ತಲೆನೋವು ಬಂದರೆ ಎಲ್ಲರೂ ಕೂಡಲೇ ಹೊರಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು. ಮಲಗಿದ್ದವರಿಗೆ ಈ ಸೂಚನೆಯೂ ಸಿಗುವುದಿಲ್ಲ. ರಾತ್ರಿ ಜನರೇಟರ್ ಓಡಿಸಿಕೊಂಡು ನಿದ್ದೆ ಮಾಡುವ ಅಭ್ಯಾಸ ಬೇಡವೇ ಬೇಡ.

ನಮ್ಮ ಊರಿನ ತೊಂದರೆ ಏನೆಂದರೆ, ಜನರೇಟರ್ ಬೇಕಾಗುವುದೇ ಮಳೆ ಹೊಯ್ಯುವಾಗ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಅಂಗಳದಲ್ಲಿ ಇಡಲು ಮನಸ್ಸಾಗುವುದಿಲ್ಲ. ಹಾಗಾಗಿ ಅದು ಸಿಟ್‌ಔಟಿಗೆ ಬರುತ್ತದೆ, ಅಡುಗೆಮನೆಗೆ ಹೊಂದಿಕೊಂಡ ಕಟ್ಟಿಗೆ ಕೊಟ್ಟಿಗೆಗೆ ಬರುತ್ತದೆ, ಹಟ್ಟಿಗೆ ಬರುತ್ತದೆ. ಮೂರು ಕಡೆ ಗೋಡೆ, ಒಂದು ಕಡೆ ತೆರೆದಿದೆ, ಸಾಕಲ್ಲ ಅನ್ನುತ್ತಾರೆ. ಸಾಕಾಗುವುದಿಲ್ಲ. ಹಂಚಿನ ಮಾಡಿನ ಸಂದಿನಲ್ಲಿ, ಕಿಟಕಿಯಲ್ಲಿ ಹೊಗೆ ಒಳಗೆ ಬಂದೇ ಬರುತ್ತದೆ. ಹಟ್ಟಿಯಲ್ಲಿ ದನಗಳೂ ಅದೇ ಗಾಳಿ ಕುಡಿಯುತ್ತವೆ.

ಮನೆಯಿಂದ ಕನಿಷ್ಠ 6 ಮೀಟರ್, ಅಂದರೆ 20 ಅಡಿ ದೂರ ಇಡಬೇಕು. ಸೈಲೆನ್ಸರಿನ ಬಾಯಿ ಮನೆಯ ಕಡೆ ತಿರುಗಿರಬಾರದು. ಮಳೆಗಾಲದಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಮನೆಯ ಪಡುವಣ ಬದಿಗೆ ಇಟ್ಟರೆ ಹೊಗೆಯನ್ನು ಗಾಳಿಯೇ ತಂದು ಒಳಗೆ ಬಿಡುತ್ತದೆ. ನಾಲ್ಕು ಕಂಬ ನೆಟ್ಟು, ಮೇಲೊಂದು ಶೀಟು ಹಾಕಿ, ನಾಲ್ಕೂ ಬದಿ ತೆರೆದಿಟ್ಟರೆ ಒಳ್ಳೆಯ ಜಾಗ ಆಯಿತು. ಅಡಿಗೆ ನಾಲ್ಕು ಕೆಂಪುಕಲ್ಲು ಹಾಕಿ ಎತ್ತರ ಮಾಡಿದರೆ ಅಂಗಳದ ನೀರು ತಾಗುವುದಿಲ್ಲ. ಓಡುತ್ತಿರುವ ಜನರೇಟರಿಗೆ ಟರ್ಪಾಲು ಸುತ್ತಬಾರದು. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ ಅದು. ಉಸಿರು ಕಟ್ಟಿದರೆ ವೈಂಡಿಂಗ್ (ಒಳಗಿನ ತಾಮ್ರದ ಸುರುಳಿ) ಸುಡುತ್ತದೆ, ಟರ್ಪಾಲಿಗೂ ಬೆಂಕಿ ಹಿಡಿಯಬಹುದು.

ಇನ್ನೊಂದು ಮಾತು ಈ ಊರಿನವರಿಗೇ ಹೇಳಬೇಕಾದದ್ದು. ಬಾವಿಯ ಕೆಸರು ತೆಗೆಯುವಾಗ ಪೆಟ್ರೋಲ್ ಪಂಪನ್ನೋ ಜನರೇಟರನ್ನೋ ಬಾವಿಯೊಳಗೆ ಇಳಿಸುವುದುಂಟು. ನೀರಿನ ಸುರಂಗ ಸರಿಮಾಡುವಾಗ ಲೈಟಿಗೆಂದು ಸುರಂಗದ ಬಾಯಿಯಲ್ಲೇ ಜನರೇಟರ್ ಇಡುವುದೂ ಉಂಟು. ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದಲ್ಲಿ ಗಾಳಿಗೆ ಇನ್ನೊಂದು ದಾರಿ ಇರುವುದಿಲ್ಲ. ಒಳಗೆ ಹೋದ ಹೊಗೆ ಅಲ್ಲೇ ನಿಲ್ಲುತ್ತದೆ. ಎಂಜಿನ್ ಯಾವುದೇ ಇರಲಿ, ಬಾವಿಗೂ ಸುರಂಗಕ್ಕೂ ಇಳಿಯಬಾರದು, ಬಾಯಿಯ ಹತ್ತಿರವೂ ಇರಬಾರದು. ದೂರದಲ್ಲಿಟ್ಟು ಉದ್ದ ವಯರ್ ಎಳೆಯಿರಿ. ಒಳಗೆ ಯಾರಾದರೂ ಬಿದ್ದಿದ್ದು ಕಂಡರೆ ನೀವು ಇಳಿಯಬೇಡಿ, 101ಕ್ಕೆ ಫೋನ್ ಮಾಡಿ ಫೈರ್ ಫೋರ್ಸ್ ಕರೆಸಿ. ಮೊದಲು ಇಳಿದವನನ್ನು ತೆಗೆಯಲು ಹೋಗಿ ಎರಡನೆಯವನೂ ಮೂರನೆಯವನೂ ಸಾಯುವುದು ಇಂಥ ಕಡೆಗಳಲ್ಲೇ.

ಎರಡು ತುದಿಗೂ ಪಿನ್ ಇರುವ ವಯರ್

ಈ ವಯರ್ ಎಷ್ಟೋ ಮನೆಗಳಲ್ಲಿ ಇದೆ. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ 16 ಆಂಪಿಯರ್ ಸಾಕೆಟಿಗೆ. ಮನೆಯಿಡೀ ಲೈಟು ಉರಿಯುತ್ತದೆ. ಸುಲಭ, ಅಲ್ವಾ?

ಈಗ ಏನಾಯಿತು ನೋಡಿ. ಸಾಕೆಟಿಗೆ ಕೊಟ್ಟ ಕರೆಂಟು ಮನೆಯ ವಯರಿಂಗ್‌ನಲ್ಲಿ ಹಿಂದಕ್ಕೆ ಹರಿದು ಮೀಟರ್ ದಾಟಿ ಹೊರಗಿನ ಲೈನಿಗೆ ಹೋಗುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುತ್ತದೆ. 11,000 ವೋಲ್ಟನ್ನು ಇಳಿಸಿ ಮನೆಗೆ 230 ಕೊಡುವ ಅದೇ ಪೆಟ್ಟಿಗೆ, ಈ ಬದಿಯಿಂದ 230 ಕೊಟ್ಟರೆ ಆ ಬದಿಗೆ ಸಾವಿರಾರು ವೋಲ್ಟ್ ಏರಿಸುತ್ತದೆ. ಅಲ್ಲಿ ಮಳೆಯಲ್ಲಿ ನೆನೆದುಕೊಂಡು, ಲೈನ್ ಆಫ್ ಆಗಿದೆ ಎಂದುಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ಇದ್ದಾನೆ.

'ನಾವು ಮೇನ್ ಸ್ವಿಚ್ ಆಫ್ ಮಾಡಿಯೇ ಹಾಕುವುದು' ಎನ್ನುವವರಿದ್ದಾರೆ. ಮಾಡುತ್ತಾರೆ, ನಿಜ. ಆದರೆ ಒಂದು ದಿನ ಅವರು ಮನೆಯಲ್ಲಿರುವುದಿಲ್ಲ. ಮಗನೋ ಕೆಲಸಕ್ಕೆ ಬಂದವರೋ ಹಾಕುತ್ತಾರೆ, ಅವರಿಗೆ ಗೊತ್ತಿರುವುದಿಲ್ಲ. 'ಸಣ್ಣ ಜನರೇಟರ್, ಊರಿಡೀ ಲೋಡು ಬಿದ್ದರೆ ಅದೇ ನಿಂತುಹೋಗುತ್ತದೆ' ಎಂದೂ ಹೇಳುತ್ತಾರೆ. ಲೈನು ಸರಿ ಇದ್ದಾಗ ಹಾಗೆ ಆಗಬಹುದು. ಮನೆಯ ಹತ್ತಿರವೇ ಲೈನು ತುಂಡಾಗಿ ಬಿದ್ದಿದ್ದರೆ ಊರಿನ ಲೋಡು ಅದಕ್ಕೆ ತಾಗುವುದೇ ಇಲ್ಲ. ಆ ತುಂಡಿನಲ್ಲಿ ಕರೆಂಟು ಆರಾಮಾಗಿ ನಿಂತಿರುತ್ತದೆ. ರಿಪೇರಿಗೆ ಬರುವವರು ಮುಟ್ಟುವುದು ಅದೇ ತುಂಡನ್ನು. ಇದೆಲ್ಲ ಬಿಡಿ, ಒಂದು ತುದಿ ಸಾಕೆಟಿನಿಂದ ಕಳಚಿ ಬಿದ್ದರೆ ಬರೀ ಪಿನ್ನಿನಲ್ಲಿ 230 ವೋಲ್ಟ್. ಮಗು ಹಿಡಿದರೆ ಮುಗಿಯಿತು. ಲೈನಿನ ಕರೆಂಟು ಇದ್ದಕ್ಕಿದ್ದಂತೆ ಬಂದರೆ ಜನರೇಟರ್ ಸುಟ್ಟುಹೋಗುತ್ತದೆ.

ಸರಿಯಾದ ದಾರಿ ಚೇಂಜ್‌ಓವರ್ ಸ್ವಿಚ್. ಅದರ ಹಿಡಿಗೆ ಮೂರು ಜಾಗ: ಒಂದು ಬದಿ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಲೈನು, ನಡುವೆ ಆಫ್, ಇನ್ನೊಂದು ಬದಿ ಜನರೇಟರ್. ಎರಡಕ್ಕೂ ಒಟ್ಟಿಗೆ ತಾಗಿಸಲು ಅದರಲ್ಲಿ ಆಗುವುದೇ ಇಲ್ಲ. ಮರೆವಿಗೆ ಅಲ್ಲಿ ಜಾಗ ಇಲ್ಲ. ಫೇಸ್ ಮಾತ್ರ ಬದಲಾದರೆ ಸಾಲದು, ನ್ಯೂಟ್ರಲ್ ಕೂಡ ಬದಲಾಗಬೇಕು. ಅಂದರೆ ಸಿಂಗಲ್ ಫೇಸ್ ಮನೆಗೆ ಎರಡು ಪೋಲ್, ತ್ರೀ ಫೇಸ್ ಮನೆಗೆ ನಾಲ್ಕು ಪೋಲ್. ಲೈಸೆನ್ಸ್ ಇರುವ ವಯರ್‌ಮ್ಯಾನ್ ಹತ್ತಿರವೇ ಹಾಕಿಸಿ. ಆಗಲೇ ಇನ್ನೊಂದು ವಿಷಯ ಕೇಳಿ: ಜನರೇಟರಿನಲ್ಲಿ ಓಡುವಾಗ ಮನೆಯ ಇಎಲ್‌ಸಿಬಿ, ಅಂದರೆ ಶಾಕ್ ಹೊಡೆದರೆ ಕರೆಂಟು ಕಡಿಯುವ ಸ್ವಿಚ್, ಕೆಲಸ ಮಾಡುತ್ತದೆಯೇ ಎಂದು. ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ಸಂಬಂಧ ಇರದಿರುವುದು ಸಾಮಾನ್ಯ. ಹಾಗಿದ್ದರೆ ಶಾಕ್ ಹೊಡೆದರೂ ಅದು ಟ್ರಿಪ್ ಆಗದಿರಬಹುದು. ಅದನ್ನು ಹೇಗೆ ಜೋಡಿಸಬೇಕು ಎಂಬುದು ವಯರ್‌ಮ್ಯಾನ್ ಕೆಲಸ.

ನನ್ನನ್ನು ಕೇಳಿದರೆ, 2 ಕೆವಿಎಗಿಂತ (ಕೆವಿಎ ಎಂದರೆ ಜನರೇಟರಿನ ಸಾಮರ್ಥ್ಯದ ಅಳತೆ) ಸಣ್ಣ ಜನರೇಟರಿಗೆ ಮನೆಯ ವಯರಿಂಗ್ ಸಹವಾಸವೇ ಬೇಡ. ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ವಯರ್ ಎಳೆದು ಫ್ರಿಜ್, ಎರಡು ಲೈಟು, ಒಂದು ಫ್ಯಾನ್ ನೇರವಾಗಿ ಹಾಕಿದರೆ ಕೆಲಸ ಆಯಿತು.

ಆದರೆ ಆ ವಯರ್ ತೆಳ್ಳಗಿರಬಾರದು. 6 ಮೀಟರ್ ದೂರ ಇಡಿ ಎಂದೆನಲ್ಲ, ಸುತ್ತಿ ಬಳಸಿ ಹೋಗುವಾಗ 30 ಮೀಟರ್ ಆಗಿಬಿಡುತ್ತದೆ. 0.75 ಚದರ ಮಿ.ಮೀ. ವಯರ್‌ನಲ್ಲಿ ಪಂಪ್ ಸ್ಟಾರ್ಟ್ ಆಗುವಾಗ 25 ಆಂಪಿಯರ್ ಎಳೆದರೆ ವಯರ್ ಒಂದೇ ಸುಮಾರು 35 ವೋಲ್ಟ್ ತಿಂದುಬಿಡುತ್ತದೆ. ಪಂಪಿಗೆ ಸಿಗುವುದು 195. ಅದೂ ಜನರೇಟರಿನಲ್ಲಿ 230 ಉಳಿದರೆ. 2.5 ಚದರ ಮಿ.ಮೀ. ವಯರ್ ಹಾಕಿದರೆ ನಷ್ಟ 10-11 ವೋಲ್ಟ್ ಮಾತ್ರ. ವಯರನ್ನು ಸುರುಳಿ ಬಿಚ್ಚಿಯೇ ಹಾಕಬೇಕು. ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗಿ ಕರಗುತ್ತದೆ.

ಒಳಗೆ ಏನು ನಡೆಯುತ್ತದೆ?

ಒಂದು ಬೈಕಿನ ಎಂಜಿನ್ ಗಾತ್ರದ ಎಂಜಿನ್. ಅದರ ಶಾಫ್ಟಿಗೆ ಒಂದು ಆಲ್ಟರ್ನೇಟರ್. ತಾಮ್ರದ ಸುರುಳಿಯ ನಡುವೆ ಅಯಸ್ಕಾಂತ ತಿರುಗಿದರೆ ಕರೆಂಟು ಹುಟ್ಟುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಆಚೆ ಹೋಗಿ ಈಚೆ ಬರುವ 50 ಹರ್ಟ್ಜ್. ಸಾಮಾನ್ಯ ಜನರೇಟರಿನಲ್ಲಿ ಅದನ್ನು ಕೊಡಬೇಕಾದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು. ಒಂದು ಬಲ್ಬ್ ಹಾಕಿದರೂ 3,000, ಪಂಪ್ ಹಾಕಿದರೂ 3,000. ಈ ಒಂದು ವಿಷಯ ಅರ್ಥವಾದರೆ ಉಳಿದದ್ದು ಅರ್ಧ ಅರ್ಥವಾದ ಹಾಗೆ.

ಫ್ರಿಜ್ ಸ್ಟಾರ್ಟ್ ಆದಾಗ ಜನರೇಟರಿನ ಸದ್ದು ಒಮ್ಮೆ ಕುಗ್ಗಿ ಮತ್ತೆ ಏರುತ್ತದಲ್ಲ, ಅದು ಗವರ್ನರ್ ಎಂಬ ಭಾಗದ ಕೆಲಸ. ಲೋಡು ಬಿದ್ದು ಸುತ್ತು ಕಮ್ಮಿಯಾದ ಕೂಡಲೇ ಅದು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಲೈಟು ಮಂಕಾಗಿದೆ ಎಂದು ಗವರ್ನರಿನ ಸ್ಕ್ರೂ ತಿರುಗಿಸುವವರಿದ್ದಾರೆ. ವೋಲ್ಟೇಜ್ ಏರಬಹುದು, ಜೊತೆಗೆ ಹರ್ಟ್ಜ್ ಕೂಡ ಏರುತ್ತದೆ. ಮೋಟಾರಿಗೂ ಫ್ರಿಜ್ಜಿಗೂ ಅದು ಒಳ್ಳೆಯದಲ್ಲ. ವೋಲ್ಟೇಜ್ ನೋಡಿಕೊಳ್ಳಲು ಎವಿಆರ್ ಎಂಬ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಅದರ ಬದಲು ಬರೀ ಕೆಪಾಸಿಟರ್ ಇರುತ್ತದೆ. ಅಂಥವುಗಳಲ್ಲಿ ವೋಲ್ಟೇಜ್ ಆಚೀಚೆ ಆಗುವುದು ಜಾಸ್ತಿ. ಟಿವಿ, ಲ್ಯಾಪ್‌ಟಾಪ್ ಹಾಕುವವರು ಇದನ್ನು ಕೇಳಿಯೇ ಕೊಳ್ಳಬೇಕು.

ಇತ್ತೀಚೆಗೆ ಬರುವ ಇನ್ವರ್ಟರ್ ಜನರೇಟರುಗಳ ಲೆಕ್ಕ ಬೇರೆ. ಅವು ಮೊದಲು ಕರೆಂಟನ್ನು ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸ್ ಮೂಲಕ 50 ಹರ್ಟ್ಜ್ ಮಾಡುತ್ತವೆ. ಹಾಗಾಗಿ ಲೋಡು ಕಮ್ಮಿ ಇದ್ದಾಗ ಎಂಜಿನ್ ನಿಧಾನ ಓಡಬಹುದು. ಸದ್ದು ಕಮ್ಮಿ, ಪೆಟ್ರೋಲ್ ಕಮ್ಮಿ, ಕರೆಂಟೂ ಚೊಕ್ಕ. ಬೆಲೆ ಜಾಸ್ತಿ. ದೊಡ್ಡ ಮೋಟಾರ್ ಸ್ಟಾರ್ಟ್ ಮಾಡುವುದರಲ್ಲಿ ಅವು ಅಷ್ಟು ಗಟ್ಟಿಯಲ್ಲ.

ಎಷ್ಟು ದೊಡ್ಡದು ಬೇಕು?

ಬೇಕಾದದ್ದನ್ನೆಲ್ಲ ಕೂಡಿಸಿ ನೋಡಿ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬ್ 36 ವ್ಯಾಟ್. ಹಳೆಯ ಮಾದರಿಯ ಎರಡು ಫ್ಯಾನ್ 150. ಟಿವಿ 80. ವೈಫೈ 10. ಒಟ್ಟು 276. ಇಷ್ಟಕ್ಕೆ ಸಣ್ಣ ಸೆಟ್ ಬೇಕಾದಷ್ಟಾಯಿತು. ಜಗಳ ಶುರುವಾಗುವುದು ಮೋಟಾರ್ ಇರುವ ಸಾಮಾನುಗಳಿಂದ. ಮೋಟಾರ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಮಾಮೂಲಿಗಿಂತ ನಾಲ್ಕು, ಐದು, ಆರು ಪಟ್ಟು ಕರೆಂಟು ಎಳೆಯುತ್ತದೆ. ಓಡುವಾಗ 150 ವ್ಯಾಟ್ ತಿನ್ನುವ ಫ್ರಿಜ್ ಸ್ಟಾರ್ಟ್ ಆಗುವಾಗ 700, 800 ಕೇಳಬಹುದು.

ಬಾವಿಯ 1 ಎಚ್‌ಪಿ ಪಂಪ್ ನೋಡಿ. 1 ಎಚ್‌ಪಿ ಎಂದರೆ 746 ವ್ಯಾಟ್. ಆದರೆ ಅದು ಪಂಪಿನ ಮೋಟಾರ್ ಕೊಡುವ ಶಕ್ತಿ, ತಿನ್ನುವ ಕರೆಂಟಲ್ಲ. ಸಣ್ಣ ಮೋಟಾರುಗಳಲ್ಲಿ ನಷ್ಟ ಜಾಸ್ತಿ, ಹಾಗಾಗಿ ಅದು ಎಳೆಯುವುದು 1,100-1,200 ವ್ಯಾಟ್. ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು. ಹಾಳೆಯ ಲೆಕ್ಕದಲ್ಲಿ 2 ಕೆವಿಎ ಜನರೇಟರಿಗೆ 1 ಎಚ್‌ಪಿ ಪಂಪ್ ಸುಲಭ. ತೋಟದಲ್ಲಿ ಅದು ಗುಂಯ್ ಎಂದು ಕೂಗಿ ಅಲ್ಲೇ ನಿಲ್ಲುತ್ತದೆ. ಹಾಗೆ ಕೂಗಿದರೆ ಕೂಡಲೇ ಆಫ್ ಮಾಡಿ. ತಿರುಗದ ಮೋಟಾರಿಗೆ ಕರೆಂಟು ಹೋಗುತ್ತಲೇ ಇದ್ದರೆ ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ. 1 ಎಚ್‌ಪಿಗೆ 3 ಕೆವಿಎ ಇದ್ದರೆ ನೆಮ್ಮದಿ. ಬೋರ್‌ವೆಲ್ಲಿನ ದೊಡ್ಡ ಸಬ್‌ಮರ್ಸಿಬಲ್‌ಗೆ ಕೈಯಲ್ಲಿ ಎತ್ತುವ ಜನರೇಟರ್ ಸಾಲದು, ಆ ಆಸೆ ಬಿಡಿ. ಸುರಂಗದ ನೀರು ಪೈಪಿನಲ್ಲಿ ತಾನಾಗಿಯೇ ಇಳಿದು ಬರುವ ಮನೆಯವರಿಗೆ ಈ ತಲೆಬಿಸಿ ಒಂದೂ ಇಲ್ಲ. ಅಜ್ಜಂದಿರು ಕರೆಂಟು ಬರುವ ಮೊದಲೇ ಕರೆಂಟು ಹೋಗುವ ಸಮಸ್ಯೆ ಪರಿಹರಿಸಿ ಇಟ್ಟಿದ್ದಾರೆ.

ಕೆವಿಎ ಮತ್ತು ಕಿಲೋವ್ಯಾಟ್ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. 2 ಕೆವಿಎ ಎಂದು ಬರೆದದ್ದರಲ್ಲಿ ನಿಮಗೆ ಸಿಗುವುದು ಸುಮಾರು 1,600 ವ್ಯಾಟ್ ಎಂದು ಲೆಕ್ಕ ಹಾಕಿದರೆ ಮೋಸ ಹೋಗುವುದಿಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರ್, ಇಂಡಕ್ಷನ್ ಒಲೆ ಇದಕ್ಕೆ ಬೇಡ. ಬಚ್ಚಲ ಒಲೆಗೆ ಕಟ್ಟಿಗೆ ಇದೆಯಲ್ಲ.

ಹಾಕುವ ಕ್ರಮವೂ ಮುಖ್ಯ. ಖಾಲಿಯಾಗಿ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಓಡಲು ಬಿಡಿ. ಆಮೇಲೆ ದೊಡ್ಡ ಮೋಟಾರ್ ಮೊದಲು. ಪಂಪ್ ಹಾಕುವುದಾದರೆ ಪಂಪ್ ಮಾತ್ರ. ಟ್ಯಾಂಕ್ ತುಂಬಿದ ಮೇಲೆ ಅದನ್ನು ತೆಗೆದು ಫ್ರಿಜ್, ಕೊನೆಗೆ ಲೈಟು. ನಿಲ್ಲಿಸುವಾಗ ಲೋಡೆಲ್ಲ ತೆಗೆದು, ಮತ್ತೆರಡು ನಿಮಿಷ ಖಾಲಿ ಓಡಿಸಿ ಆಫ್. ಪೆಟ್ರೋಲ್ ಮುಗಿದು ತಾನಾಗಿ ನಿಲ್ಲಲು ಬಿಟ್ಟರೆ, ನಿಲ್ಲುವ ಮೊದಲು ವೋಲ್ಟೇಜ್ ಕುಣಿದು ಟಿವಿಯೋ ಫ್ರಿಜ್ಜೋ ಹೋಗುತ್ತದೆ.

ಖರ್ಚಿನ ಮಾತು

1 ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇದೆ. ಸಣ್ಣ ಎಂಜಿನ್ ಅದರಲ್ಲಿ ಹೆಚ್ಚಿನದನ್ನು ಬಿಸಿಯಾಗಿ, ಸದ್ದಾಗಿ ಕಳೆದು ಒಂದೂವರೆ ಯೂನಿಟ್ ಚಿಲ್ಲರೆ ಕೊಡುತ್ತದೆ. ಅದೂ ತುಂಬ ಲೋಡು ಇದ್ದಾಗ. ಪೆಟ್ರೋಲ್ ಲೀಟರಿಗೆ 105 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್ಟಿಗೆ 65 ರೂಪಾಯಿ ಹತ್ತಿರ. ಎರಡು ಫ್ಯಾನ್, ನಾಲ್ಕು ಲೈಟಿಗೆಂದು ಅದೇ ಜನರೇಟರನ್ನು ಓಡಿಸಿದರೆ ಇನ್ನೂ ದುಬಾರಿ, ಯಾಕೆಂದರೆ 3,000 ಸುತ್ತು ತಪ್ಪುವುದಿಲ್ಲ. ಲೋಡು ಐದನೇ ಒಂದು ಪಾಲಾದರೂ ಪೆಟ್ರೋಲ್ ಅರ್ಧದಷ್ಟು ಹೋಗುತ್ತದೆ.

ಹಾಗಾಗಿ ಲೈಟು, ಫ್ಯಾನು, ಫೋನ್ ಚಾರ್ಜಿಗೆ ಬ್ಯಾಟರಿ ಇನ್ವರ್ಟರ್ ಇರಲಿ. ಜನರೇಟರ್ ದಿನಕ್ಕೆ ಎರಡು ಮೂರು ಸಲ, ಒಂದೊಂದು ಗಂಟೆ, ಪಂಪಿಗೂ ಫ್ರಿಜ್ಜಿಗೂ ಓಡಲಿ. ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ ಎರಡು ದಿನದವರೆಗೂ ತಡೆಯುತ್ತದೆ. ದಿನವಿಡೀ ಓಡಿಸುವ ಅಗತ್ಯವೇ ಇಲ್ಲ. ಜನರೇಟರ್ ಓಡುವಾಗ ಇನ್ವರ್ಟರೂ ಚಾರ್ಜ್ ಆಗಲಿ. ಅದು ಚಾರ್ಜ್ ತೆಗೆದುಕೊಳ್ಳದಿದ್ದರೆ ಹಿಂದೆ ಇರುವ ಸ್ವಿಚ್ ನೋಡಿ. ಯುಪಿಎಸ್ ಮೋಡ್‌ನಲ್ಲಿ ಇದ್ದರೆ ವೋಲ್ಟೇಜ್ ಸ್ವಲ್ಪ ಅಲುಗಿದರೂ ಅದು ಬೇಡ ಎನ್ನುತ್ತದೆ. ನಾರ್ಮಲ್ ಮೋಡಿಗೆ ಹಾಕಿದರೆ ಹೆಚ್ಚಾಗಿ ಒಪ್ಪುತ್ತದೆ. ಆದರೆ ಎರಡು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ ಎಂದುಕೊಳ್ಳಬೇಡಿ. 15 ಆಂಪಿಯರ್ ಚಾರ್ಜರ್ ಗಂಟೆಗೆ ಸುಮಾರು 200 ವ್ಯಾಟ್-ಅವರ್ ತುಂಬುತ್ತದೆ ಅಷ್ಟೆ. ಒಂದು ಫ್ಯಾನು, ಎರಡು ಬಲ್ಬಿಗೆ ರಾತ್ರಿ ಕೆಲವು ಗಂಟೆ ಆದೀತು.

ಕೂತು ಕೆಡುವುದು

ಈಗ ಪೆಟ್ರೋಲಿನ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ 2022ರ ಹೊತ್ತಿಗೆ ಪೆಟ್ರೋಲಿಗೆ ಶೇಕಡಾ 10 ಎಥನಾಲ್ ಸೇರಿತು, 2025ಕ್ಕೆ ಅದು ಶೇಕಡಾ 20 ಆಯಿತು. ಎಥನಾಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರುತ್ತದೆ. ಮಳೆಗಾಲದ ಕಾಸರಗೋಡಿನಲ್ಲಿ ಪಸೆಗೆ ಬರವೇ? ಒಂದು ಹಂತದವರೆಗೆ ನೀರು ಪೆಟ್ರೋಲಿನಲ್ಲೇ ಕರಗಿರುತ್ತದೆ. ಅದು ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ಅಡಿಗೆ ಇಳಿಯುತ್ತವೆ. ಎಂಜಿನ್ ಎಳೆಯುವುದೂ ಅಡಿಯಿಂದಲೇ. ಹಗ್ಗ ಎಷ್ಟು ಎಳೆದರೂ ಅದು ಹತ್ತುವುದಿಲ್ಲ, ಕಾರ್ಬುರೇಟರಿಗೂ ತುಕ್ಕು.

ಇದು ಸಾಲದೆಂದು, ನಿಂತ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಭಾಗ ಹೋಗಿ ಅಂಟು ಉಳಿಯುತ್ತದೆ. ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಗುಂಡುಸೂಜಿಗಿಂತ ಸಣ್ಣದು. ಅಂಟು ಅಲ್ಲಿ ಕೂತರೆ ಮುಗಿಯಿತು. ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ಚೋಕ್ ತೆಗೆದರೆ ನಿಲ್ಲುತ್ತದೆ ಎನ್ನುವ ದೂರು ಬಂದರೆ ಹೆಚ್ಚಾಗಿ ಇದೇ ಕಾರಣ.

ಇದಕ್ಕೆ ಎರಡೇ ದಾರಿ. ಒಂದು, ತಿಂಗಳಿಗೊಮ್ಮೆ ಹೊಸ ಪೆಟ್ರೋಲಿನಲ್ಲಿ 15-20 ನಿಮಿಷ ಓಡಿಸುವುದು, ಅದೂ ಫ್ಯಾನೋ ಬಲ್ಬೋ ಹಾಕಿ, ಖಾಲಿ ಅಲ್ಲ. ಎರಡು, ಮಳೆ ಮುಗಿದ ಮೇಲೆ ಪೂರ್ತಿ ಒಣಗಿಸಿ ಇಡುವುದು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು 'ಬೇಕಾದಾಗ ಇರಲಿ' ಎಂದು ಮರೆಯುವ ನಡುದಾರಿ ಎಲ್ಲಕ್ಕಿಂತ ಕೆಟ್ಟದು. ತಿಂಗಳಿಗೊಮ್ಮೆ ಓಡಿಸುತ್ತೇನೆ ಎನ್ನುವವರಲ್ಲಿ ಡಿಸೆಂಬರ್ ನಂತರವೂ ನೆನಪಿಡುವವರು ಬಹಳ ಕಮ್ಮಿ, ಹಾಗಾಗಿ ನನ್ನ ಓಟು ಒಣಗಿಸಿ ಇಡುವುದಕ್ಕೆ.

ಒಣಗಿಸುವುದು ಕಷ್ಟವಲ್ಲ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಟ್ಯಾಂಕಿನ ಪೆಟ್ರೋಲ್ ತೆಗೆದು ಸ್ಕೂಟರಿಗೆ ಹಾಕಿ. ಆಮೇಲೆ ಜನರೇಟರ್ ಸ್ಟಾರ್ಟ್ ಮಾಡಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗಿ ನಿಲ್ಲುವವರೆಗೆ ಖಾಲಿ ಓಡಿಸಿ. ಮೊದಲು ಬೇಡ ಎಂದದ್ದು ಲೋಡು ಇದ್ದಾಗ. ಇಲ್ಲಿ ಯಾವ ಸಾಮಾನೂ ಹಾಕಿರುವುದಿಲ್ಲ. ಕಾರ್ಬುರೇಟರಿನ ಅಡಿಯ ಬಟ್ಟಲಿಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ, ಅದನ್ನು ಸಡಿಲಿಸಿ ಉಳಿದ ಹನಿಗಳನ್ನೂ ಬಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಸಣ್ಣ ಚಮಚ ಎಂಜಿನ್ ಆಯಿಲ್ ಹಾಕಿ, ಹಗ್ಗ ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಮತ್ತೆ ಹಾಕಿ. ಹಗ್ಗ ಗಟ್ಟಿಯಾಗುವ ಜಾಗದಲ್ಲಿ ನಿಲ್ಲಿಸಿ ಬಿಡಿ. ಅಲ್ಲಿ ವಾಲ್ವ್‌ಗಳು ಮುಚ್ಚಿರುತ್ತವೆ, ಪಸೆ ಒಳಗೆ ಹೋಗುವುದಿಲ್ಲ. ಸೈಲೆನ್ಸರಿನ ಬಾಯಿಗೆ ಒಂದು ಬಣ್ಣದ ಬಟ್ಟೆ ತುರುಕಿ. ಇಲ್ಲದಿದ್ದರೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಬಾಯಿ ಮುಚ್ಚುತ್ತದೆ. ಬಟ್ಟೆ ಎದ್ದು ಕಾಣುವಂತಿರಲಿ, ತೆಗೆಯಲು ನೆನಪಾಗಬೇಕು.

ಹೊರಗೆ ತೆಗೆಯುವುದು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ. ಭೂತಕೋಲ, ಯಕ್ಷಗಾನದ ಆಟ ಎಲ್ಲ ಮುಗಿದು ಊರು ಮಳೆಗೆ ತಯಾರಾಗುವ ಸಮಯ. ಮಾಡಿನ ಹಂಚು ನೋಡುವ ಹಾಗೆ ಇದನ್ನೂ ನೋಡಿಬಿಡಿ.

ಆಯಿಲ್ ಮೊದಲು. ಈ ಎಂಜಿನ್ನುಗಳಲ್ಲಿ ಸುಮಾರು ಅರ್ಧ ಲೀಟರ್ ಚಿಲ್ಲರೆ ಆಯಿಲ್ ಇರುತ್ತದೆ ಅಷ್ಟೆ, ಅದಕ್ಕೆ ಫಿಲ್ಟರ್ ಕೂಡ ಇರುವುದಿಲ್ಲ. ಹೊಸ ಎಂಜಿನ್ನಿಗೆ ಮೊದಲ 20 ಗಂಟೆಗೆ ಬದಲಿಸಬೇಕು. ಆಮೇಲೆ ಪುಸ್ತಕದಲ್ಲಿ 100 ಗಂಟೆ ಅಥವಾ ಆರು ತಿಂಗಳು ಎಂದಿದ್ದರೂ, ವರ್ಷಕ್ಕೊಮ್ಮೆ ಮಳೆಗೆ ಮೊದಲು ಬದಲಿಸಿದರೆ ನಮ್ಮ ಬಳಕೆಗೆ ಅದು ಕನಿಷ್ಠ. ಒಂದೇ ಮಳೆಗಾಲದಲ್ಲಿ ಜಾಸ್ತಿ ಓಡಿದರೆ ಗಂಟೆಯ ಲೆಕ್ಕವೇ ಸರಿ. ಎಂಜಿನ್ ಸ್ವಲ್ಪ ಬಿಸಿ ಇರುವಾಗ ಬಿಟ್ಟರೆ ಕೊಳೆಯೂ ಜೊತೆಗೆ ಹೋಗುತ್ತದೆ. ಆಯಿಲ್ ಕಮ್ಮಿಯಾದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಹಲವು ಸೆಟ್ಟುಗಳಲ್ಲಿದೆ. ಇಳಿಜಾರು ಅಂಗಳದಲ್ಲಿ ಇಟ್ಟರೂ ಅದು ಆಯಿಲ್ ಇಲ್ಲ ಎಂದುಕೊಂಡು ಸ್ಟಾರ್ಟ್ ಆಗಲು ಬಿಡುವುದಿಲ್ಲ. ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಮೊದಲು ಸಮತಟ್ಟು ಜಾಗಕ್ಕೆ ಎಳೆದು ನೋಡಿ. ಟೂ ಸ್ಟ್ರೋಕ್ ಸಣ್ಣ ಸೆಟ್ಟಾದರೆ ಬೇರೆ ಆಯಿಲ್ ಇಲ್ಲ, ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸಬೇಕು. ಎಷ್ಟು ಎಂದು ಪುಸ್ತಕ ನೋಡಿ.

ಏರ್ ಫಿಲ್ಟರಿನ ಸ್ಪಂಜು ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್ಲಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಹಾಕಬೇಕು. ಪ್ಲಗ್ಗಿನ ಸಂದು 0.7-0.8 ಮಿ.ಮೀ. ಇರಲಿ. ಇಲಿ ವಯರ್ ಕಡಿದಿದೆಯೇ, ಅಡಿಕೆ ಸೋಗೆ ಚೂರು ತಂದು ಗೂಡು ಮಾಡಿದೆಯೇ ನೋಡಿ. ಹಳೆಯ ಸೀಮೆಎಣ್ಣೆ ಸೆಟ್ ಇದ್ದರೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಇಲ್ಲದಿದ್ದರೆ ಮರುದಿನ ಸ್ಟಾರ್ಟ್ ಆಗುವುದಿಲ್ಲ.

ಎಂಜಿನ್ ಚೆನ್ನಾಗಿ ಓಡುತ್ತದೆ, ಕರೆಂಟು ಮಾತ್ರ ಬರುವುದಿಲ್ಲ. ಇದೂ ಕೂತು ಕೆಡುವ ಲಕ್ಷಣವೇ. ಆಲ್ಟರ್ನೇಟರ್ ಕರೆಂಟು ಕೊಡಲು ಶುರುಮಾಡಬೇಕಾದರೆ ಅದರ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತ ಶಕ್ತಿ ಉಳಿದಿರಬೇಕು. ಬಹುಕಾಲ ಓಡದಿದ್ದರೆ ಅದು ಇಳಿದುಹೋಗುತ್ತದೆ. ವೈಂಡಿಂಗ್ ಅಂಗಡಿಯವರು ಬ್ಯಾಟರಿಯಿಂದ ಒಂದು ಕ್ಷಣ ಕರೆಂಟು ಕೊಟ್ಟು ಅದನ್ನು ಎಬ್ಬಿಸುತ್ತಾರೆ. ಮನೆಯಲ್ಲಿ ಪ್ರಯೋಗ ಮಾಡಿ ಎವಿಆರ್ ಸುಡುವುದು ಬೇಡ. ಮೊದಲು ಜನರೇಟರಿನ ಮೇಲಿರುವ ಬ್ರೇಕರ್ ಆಫ್ ಆಗಿಲ್ಲ ತಾನೇ ಎಂದು ನೋಡಿ.

ಪೆಟ್ರೋಲ್ ತುಂಬುವಾಗ ಎಂಜಿನ್ ನಿಲ್ಲಿಸಿ 15 ನಿಮಿಷವಾದರೂ ತಣಿಯಲು ಬಿಡಿ. ರಾತ್ರಿಯಾದರೆ ಟಾರ್ಚ್ ಹಿಡಿಯಿರಿ, ದೀಪ ಬೇಡ. ಕ್ಯಾನನ್ನು ಅಡುಗೆಮನೆಯಿಂದ ದೂರ ಇಡಿ.

ಹಳೆಯದು ಕೊಳ್ಳುವವರಿಗೆ ಒಂದು ಮಾತು ಉಳಿಯಿತು. ಮಾರುವವರ ಮನೆಗೆ ಹೋಗುವಾಗ ಒಂದು 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ, ಒಂದು ಮಲ್ಟಿಮೀಟರ್ ತೆಗೆದುಕೊಂಡು ಹೋಗಿ. ಖಾಲಿ ಇರುವಾಗ ವೋಲ್ಟೇಜ್ ನೋಡಿ, ಇಸ್ತ್ರಿಪೆಟ್ಟಿಗೆ ಹಾಕಿ ಮತ್ತೆ ನೋಡಿ. 2 ಕೆವಿಎ ಸೆಟ್ಟಿನಲ್ಲಿ 230 ಇದ್ದದ್ದು 215ರ ಕೆಳಗೆ ಹೋದರೆ ಎವಿಆರೋ ವೈಂಡಿಂಗೋ ಸರಿಯಿಲ್ಲದಿರಬಹುದು. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಹೋಗಿರಬಹುದು. ನೀವು ಹೋಗುವ ಹೊತ್ತಿಗೆ ಎಂಜಿನ್ ಮುಟ್ಟಿದರೆ ಬಿಸಿ ಇದ್ದರೆ, ಮೊದಲೇ ಒದ್ದಾಡಿ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಾದ ಮೇಲೆ ನೋಡುತ್ತೇನೆ ಎಂದು ಜಗಲಿಯಲ್ಲಿ ಕೂತುಕೊಳ್ಳಿ. ಅಷ್ಟರಲ್ಲಿ ಚಾ ಬಂದರೂ ಬರಬಹುದು.